ದೂರದರ್ಶನದ ಪಾಠವೂ ಗುರುವಿನ ಸಾನ್ನಿಧ್ಯವೂ



ಕೊರೋನಾ ವ್ಯಾಧಿಯ ನಿಮಿತ್ತ ನಮ್ಮ ನಾಡಿನ ಶಾಲೆಗಳು ಮುಚ್ಚಿದುದು 2020ರ ಮಾರ್ಚಿಯಲ್ಲಿ. ಒಂದರಿಂದ ಐದನೆಯ ಇಯತ್ತೆಯ ಮಕ್ಕಳಿಗೆ ಅವು ಮತ್ತೆ ತೆರೆದುದು 2021ರ ಅಕ್ಟೋಬರ 25ರಂದು. ಈ ನಡುವೆ ಪಾಠ ಹೇಳುವ ಭಾರವನ್ನು ದೂರದರ್ಶನವೂ ಹೊತ್ತಿತು. 2020ರ ಜುಲೈ 20ರಿಂದ ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಪಾಠಮಾಲೆ ಪ್ರಸಾರಗೊಂಡಿತು. ಅದರ ಗುಣದೋಷಗಳನ್ನು ವಿವೇಚಿಸುವುದು ವಿದ್ಯಾದಾಸೋಹವನ್ನು ನಂಬಿದ ನಮಗೆಲ್ಲ ಕರ್ತವ್ಯವಾಗಿದೆ.

ಗುಣವನ್ನೇ ಮೊದಲು ಹೇಳೋಣ. ಸ್ಮಾರ್ಟ್ ಫೋನು ಕೊಳ್ಳಲಾರದ ಕೂಲಿಕಾರನ ಮನೆಗೂ ಪಾಠ ತಲುಪುವ ದಾರಿಯೊಂದು ಅದರಿಂದ ತೆರೆಯಿತು. ಇದು ಸಾಮಾನ್ಯ ಉಪಕಾರವಲ್ಲ. ಆದರೆ ಮಾಲೆಯು ಮೊದಲ್ಗೊಂಡುದು ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ. ಪರೀಕ್ಷೆಯ ಚಿಂತೆ ಸಹಜವೇ ಸರಿ. ಆದರೂ ಹತ್ತನೆಯ ತರಗತಿಯವನು ಪುಸ್ತಕವನ್ನು ತಾನೇ ಓದಿಕೊಳ್ಳಬಲ್ಲನು. ಅಕ್ಷರವನ್ನೇ ಅರಿಯದ ಕೂಸಿಗೆ ಆ ಆಸರೆಯೂ ಇಲ್ಲ. ಬುನಾದಿಯನ್ನು ಬಿಟ್ಟು ಮಾಳಿಗೆಯನ್ನು ಕಾಯ್ದಂತಾಯಿತಲ್ಲವೇ?

ಇನ್ನೊಂದು ಕೊರತೆ ಇದಕ್ಕಿಂತ ಆಳವಾದುದು. 1975ರ ಆಗಸ್ಟದಿಂದ 1976ರ ಜುಲೈವರೆಗೆ ನಡೆದ 'ಸೈಟ್' ಉಪಗ್ರಹ ಪ್ರಯೋಗವನ್ನು ಹಿರಿಯ ವಾಚಕರು ಬಲ್ಲರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರಲ್ಲಿದ್ದವು. ನಮ್ಮ ರಾಜ್ಯದಿಂದ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಅಂದು ಮುಂಜಾನೆಯ ಕಾರ್ಯಕ್ರಮವನ್ನು ಮಕ್ಕಳು ಶಾಲೆಯಲ್ಲಿ, ಒಟ್ಟಾಗಿ, ಮಾಸ್ತರರ ಸಮಕ್ಷಮದಲ್ಲಿ ನೋಡುತ್ತಿದ್ದರು. 2020ರಲ್ಲಿ ಯಂತ್ರವು ಮನೆಯಲ್ಲಿ ಉಳಿಯಿತು, ಮಾಸ್ತರರು ಮರೆಯಾದರು. ನಮ್ಮ ಕಬ್ಬೂರಿನಂತಹ ಊರಲ್ಲಿ ತಂದೆತಾಯಿ ಬೆಳಗಾಗುತ್ತಲೇ ಹೊಲಕ್ಕೆ ನಡೆದ ಮೇಲೆ, ತೆರೆಯ ಮುಂದೆ ಕುಳಿತ ಆರು ವರುಷದ ಮಗುವಿನ ಸಂದೇಹವನ್ನು ಕೇಳುವವರು ಯಾರು? ತೆರೆಯು ನುಡಿಯುತ್ತದೆ, ಆಲಿಸುವುದಿಲ್ಲ. ಮಗು ತಪ್ಪು ಬರೆದುದನ್ನು ಅದು ಕಾಣದು.

ನಮ್ಮ ಪರಂಪರೆಯಲ್ಲಿ ದೀಕ್ಷೆಯೆಂಬುದು ಹಸ್ತಮಸ್ತಕ ಸಂಯೋಗ. ಗಾವಠಿ ಶಾಲೆಯ ಐಗಳೂ ಮಗುವಿನ ಬೆರಳು ಹಿಡಿದು ಉಸುಕಿನ ಮೇಲೆ ಅಕ್ಷರ ತಿದ್ದಿಸಿದರು. ಕಲ್ಯಾಣದ ಅನುಭವ ಮಂಟಪವೂ ಪ್ರಶ್ನೋತ್ತರಗಳಿಂದಲೇ ಬೆಳಗಿತು. ಸ್ಪರ್ಶವೂ ಸಂವಾದವೂ ಇಲ್ಲದೆಡೆ ಮಾಹಿತಿ ದೊರೆತೀತು, ವಿದ್ಯೆ ಬೇರೂರದು. 2020ರ ಆಗಸ್ಟದಲ್ಲಿ ಮೊದಲಾದ 'ವಿದ್ಯಾಗಮ'ವು ಗುರುಗಳನ್ನು ಗುಡಿ, ಕಟ್ಟೆ, ಓಣಿಗಳಿಗೆ ಕಳುಹಿ ಈ ಕೊರತೆಯನ್ನು ತುಂಬಹೊರಟಿತು. ಸೋಂಕಿನ ಭಯದಿಂದ ಅದೇ ಅಕ್ಟೋಬರದಲ್ಲಿ ನಿಂತಿತು.

ಶಾಲೆ ಮುಚ್ಚುವ ಪ್ರಸಂಗ ಅದೇ ಕಡೆಯದೆಂದು ತಿಳಿಯಬೇಡಿರಿ. 2019ರಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಮಹಾಪೂರವನ್ನು ಈ ಸೀಮೆ ಕಂಡಿದೆ. ಆದುದರಿಂದ ಮಠದಲ್ಲಿ ಅನ್ನವುಂಡು ಅಕ್ಷರ ಕಲಿತ ಹಳೆಯ ವಿದ್ಯಾರ್ಥಿಗಳಿಗೆ ನಮ್ಮ ಮಾತೊಂದುಂಟು. ಅಂತಹ ಕಾಲ ಬಂದಾಗ ನಿಮ್ಮ ಓಣಿಯ ನಾಲ್ಕೈದು ಮಕ್ಕಳನ್ನು ಎಚ್ಚರಿಕೆಯಿಂದ ಕೂಡಿಸಿರಿ. ಪಾಠ ಮುಗಿದೊಡನೆ ಯಂತ್ರವನ್ನು ಆರಿಸಿ, ಏನು ತಿಳಿಯಿತೆಂದು ಕೇಳಿರಿ, ಪಾಟಿಯ ಮೇಲೆ ಬರೆಯಿಸಿರಿ, ತಪ್ಪಿದುದನ್ನು ತಿದ್ದಿರಿ. ದಿನಕ್ಕೆ ಅರ್ಧ ತಾಸು ಸಾಕು. ಗುರುಋಣ ತೀರಿಸಲು ಇದಕ್ಕಿಂತ ಮಿಗಿಲಾದ ಕಾಯಕವಿಲ್ಲ.