ಕ್ಯಾಡಿ ಗೆದ್ದ ಅಂದ್ರೆ ಸಾಕಾ?

ಭಾರತದ ಗಾಲ್ಫ್ ಸುದ್ದಿಯಲ್ಲಿ ಒಂದು ಕಥೆಗೆ ಮಾತ್ರ ವಯಸ್ಸೇ ಆಗುವುದಿಲ್ಲ: ಅಂದು ಕ್ಯಾಡಿ, ಇಂದು ಚಾಂಪಿಯನ್. 1991ರಲ್ಲಿ ದೆಹಲಿಯ ಅಲಿ ಶೇರ್ ಇಂಡಿಯನ್ ಓಪನ್ ಗೆದ್ದಾಗ ಈ ಕಥೆ. 2009ರಲ್ಲಿ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಅದೇ ಟೂರ್ನಿ ಗೆದ್ದಾಗಲೂ ಇದೇ ಕಥೆ. ನಡುವೆ ಹದಿನೆಂಟು ವರ್ಷ ಹೋಗಿದೆ, ದೇಶದ ಎಕಾನಮಿ ಬದಲಾಗಿದೆ, ಪೇಜರ್ ಬಂದು ಹೋಗಿದೆ. ಕಥೆ ಮಾತ್ರ ಕಾಪಿ ಪೇಸ್ಟ್.

ಕಥೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಇಬ್ಬರೂ ಬೇರೆಯವರ ಬ್ಯಾಗ್ ಹೊತ್ತು ಬೆಳೆದವರೇ. ನನ್ನ ತಕರಾರು ಬೇರೆ. ಈ ಕಥೆ ಹೇಳಿದ ಮೇಲೆ ಬೇರೆ ಏನನ್ನೂ ಹೇಳಬೇಕಾಗಿಲ್ಲ ಅನ್ನುವ ಹಾಗೆ ನಾವು ಸುಮ್ಮನಾಗ್ತೇವೆ. ಆಟ ಏನಾಯ್ತು, ಅವನಿಗೆ ಆ ವಿದ್ಯೆ ಎಲ್ಲಿಂದ ಬಂತು, ಅವನಿಗಿಂತ ಮೊದಲು ಯಾಕೆ ಯಾರೂ ಗೆದ್ದಿರಲಿಲ್ಲ, ಇದ್ಯಾವುದೂ ಬೇಡ. ಬಡವ ಗೆದ್ದ, ಕಣ್ಣು ಒದ್ದೆಯಾಯ್ತು, ಶೇರ್ ಮಾಡಿ ಆಯ್ತು.

ಸ್ವಲ್ಪ ಲೆಕ್ಕ ನೋಡುವ. ಇಂಡಿಯನ್ ಓಪನ್ ಶುರುವಾದದ್ದು 1964ರಲ್ಲಿ. ಅದನ್ನು ಕಟ್ಟಲು ಓಡಾಡಿದವರಲ್ಲಿ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಪ್ರಮುಖರು. ಬ್ರಿಟಿಷ್ ಓಪನ್ ಅನ್ನು ಐದು ಸಲ ಗೆದ್ದ ಆಸಾಮಿ. ಮೊದಲ ವರ್ಷ ಇಲ್ಲಿಯೂ ಅವರೇ ಗೆದ್ದರು. ಮರುವರ್ಷ, 1965ರಲ್ಲಿ, ಪಿ.ಜಿ. ಸೇಠಿ ಎಂಬ ಭಾರತೀಯ ಅಮೆಚೂರ್ ಆಟಗಾರ ಗೆದ್ದರು. ಆಮೇಲೆ ಇನ್ನೊಬ್ಬ ಭಾರತೀಯ ಗೆಲ್ಲಲಿಕ್ಕೆ 26 ವರ್ಷ ಬೇಕಾಯ್ತು. ಆ ಗ್ಯಾಪ್‌ನಲ್ಲಿ ಹೊರಗಿನವರು ಬಂದು ಕಪ್ ಒಯ್ಯುತ್ತಲೇ ಇದ್ದರು. ಮುಂದೆ ಅಮೆರಿಕದಲ್ಲಿ ದೊಡ್ಡ ಹೆಸರು ಮಾಡಿದ ಪೇಯ್ನ್ ಸ್ಟೀವರ್ಟ್ 1981ರಲ್ಲಿ ಗೆದ್ದದ್ದೂ ಇದೇ ಟೂರ್ನಿ.

ಹಾಗಾಗಿ ಅಲಿ ಶೇರ್ ಬಗ್ಗೆ ದಾಖಲೆಗಳು ಹೇಳುವುದು ಹೀಗೆ: ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ 'ಪ್ರೊಫೆಷನಲ್'. ಈ ಒಂದು ಶಬ್ದದಲ್ಲಿ ಎಷ್ಟು ಕಥೆ ಉಂಟು ನೋಡಿ. ನಮ್ಮ ನಿಮ್ಮ ಆಫೀಸಿನಲ್ಲಿ ಪ್ರೊಫೆಷನಲ್ ಅಂದರೆ ಹೊಗಳಿಕೆ. ಹಳೇ ಗಾಲ್ಫ್ ಕ್ಲಬ್ಬಿನಲ್ಲಿ ಹಾಗಲ್ಲ. ಅಲ್ಲಿ ಅಮೆಚೂರ್ ಅಂದರೆ ಮೆಂಬರ್, ಹಣಕ್ಕಾಗಿ ಆಡುವ ದರ್ದು ಇಲ್ಲದವನು. ಪ್ರೊಫೆಷನಲ್ ಅಂದರೆ ಹೊಟ್ಟೆಪಾಡಿಗೆ ಆಡುವವನು. ಇಂಗ್ಲೆಂಡಿನ ಕ್ರಿಕೆಟ್‌ನಲ್ಲಿ 1962ರವರೆಗೂ 'ಜೆಂಟಲ್‌ಮೆನ್' ಬೇರೆ, 'ಪ್ಲೇಯರ್ಸ್' ಬೇರೆ ಅಂತ ಇತ್ತಲ್ಲ, ಅದೇ ಗೆರೆ. ಅಮೆರಿಕದಲ್ಲಂತೂ ಒಂದು ಕಾಲಕ್ಕೆ, ನಿಗದಿ ಮಾಡಿದ ವಯಸ್ಸು ದಾಟಿದ ಮೇಲೂ ಕ್ಯಾಡಿ ಕೆಲಸ ಮಾಡಿದರೆ ಅಮೆಚೂರ್ ಅನ್ನುವ ಪಟ್ಟವೇ ಹೋಗುತ್ತಿತ್ತು. ಕ್ಯಾಡಿ ಆಗಿರುವುದು ಬರೇ ಬಡತನ ಅಲ್ಲ. ಅದು ಗೇಟಿನ ಯಾವ ಬದಿಯಲ್ಲಿ ನಿಲ್ಲಬೇಕು ಅನ್ನುವ ನಿಯಮ.

ಈಗ ಆಟಕ್ಕೆ ಬರುವ. ನಮ್ಮ ಬರಹಗಳು ಕ್ಯಾಡಿಯನ್ನು 'ಚೀಲ ಹೊರುವ ಹುಡುಗ' ಅಂತ ಪರಿಚಯಿಸುತ್ತವೆ. ಬ್ಯಾಗಿನಲ್ಲಿ ಹೆಚ್ಚೆಂದರೆ 14 ಕೋಲು ಇರಬಹುದು, ಅದನ್ನು ಹೊರುವುದು ಹೌದು. ಆದರೆ ಗಾಲ್ಫ್‌ನ ಒಂದು ನಿಯಮ ಕೇಳಿ. ಸ್ಪರ್ಧೆ ನಡೆಯುವಾಗ ಒಂಟಿಯಾಗಿ ಆಡುವವನು ಯಾರ ಹತ್ತಿರವೂ ಸಲಹೆ ಕೇಳುವ ಹಾಗಿಲ್ಲ, ಒಬ್ಬನನ್ನು ಬಿಟ್ಟು. ಆ ಒಬ್ಬ ಕ್ಯಾಡಿ. ಬಾವುಟದವರೆಗೆ ಎಷ್ಟು ಗಜ, ಗಾಳಿ ಯಾವ ಕಡೆಗೆ, ಈ ಗ್ರೀನ್ ಕಣ್ಣಿಗೆ ಸಪಾಟಾಗಿ ಕಂಡರೂ ಚೆಂಡು ಎತ್ತ ವಾಲುತ್ತದೆ, ನಿನ್ನೆ ಮಳೆ ಬಂದದ್ದರಿಂದ ಎಷ್ಟು ನಿಧಾನ ಆಗ್ತದೆ, ಇವೆಲ್ಲ ಅವನ ತಲೆಯಲ್ಲಿರಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವನು ಪ್ರೊಡಕ್ಷನ್ ಸಪೋರ್ಟಿನಲ್ಲಿ ಹತ್ತು ವರ್ಷ ಕಳೆದ ಮನುಷ್ಯ. ಆರ್ಕಿಟೆಕ್ಟ್ ಚಿತ್ರ ಬರೆದು ಹೋಗಿರ್ತಾನೆ. ಸಿಸ್ಟಮ್ ರಾತ್ರಿ ಎರಡು ಗಂಟೆಗೆ ಎಲ್ಲಿ ಕೈಕೊಡ್ತದೆ ಅಂತ ಗೊತ್ತಿರೋದು ಇವನಿಗೆ.

ಇದನ್ನು ಇಟ್ಟುಕೊಂಡು 1991ನ್ನು ಮತ್ತೆ ನೋಡಿ. ಟೂರ್ನಿ ನಡೆದದ್ದು ದೆಹಲಿ ಗಾಲ್ಫ್ ಕ್ಲಬ್ಬಿನ ಲೋಧಿ ಮೈದಾನದಲ್ಲಿ. ಅಲ್ಲಿ ಫೇರ್‌ವೇ ಇಕ್ಕಟ್ಟು, ಎರಡೂ ಬದಿ ಮುಳ್ಳುಪೊದೆ, ನಡುನಡುವೆ ಹಳೇ ಗೋರಿಗಳು. ಬಲ ಹಾಕಿ ದೂರ ಹೊಡೆಯುವವನಿಗೆ ಅಲ್ಲಿ ದೊಡ್ಡ ಲಾಭ ಇಲ್ಲ, ಚೆಂಡು ಪೊದೆಗೆ ಹೋದರೆ ಕಥೆ ಮುಗೀತು. ಎಲ್ಲಿಗೆ ಹೊಡೆಯಬಾರದು ಅಂತ ಗೊತ್ತಿರುವವನಿಗೆ ಅದು ಒಲಿಯುವ ಜಾಗ. ಅಲಿ ಶೇರ್ ಕಲಿತದ್ದು ಅಲ್ಲಿಯೇ. ಹೊರದೇಶದಿಂದ ಬಂದವರು ಒಂದು ವಾರದಲ್ಲಿ ಓದಬೇಕಾದ ಮೈದಾನವನ್ನು ಅವರು ಬಾಲ್ಯದಿಂದ ಓದಿದ್ದರು. ಹಾಗಾದರೆ ಕ್ಯಾಡಿ ಆಗಿದ್ದ 'ಆದರೂ' ಗೆದ್ದದ್ದಾ, ಕ್ಯಾಡಿ ಆಗಿದ್ದ 'ಕಾರಣ' ಗೆದ್ದದ್ದಾ? ಈ ಪ್ರಶ್ನೆ ಕೇಳಿದರೆ ಕಥೆಯ ಧಾಟಿಯೇ ಬದಲಾಗ್ತದೆ. ಕರುಣೆ ಹೋಗಿ ಗೌರವ ಬರ್ತದೆ. ಎರಡು ವರ್ಷ ಬಿಟ್ಟು, 1993ರಲ್ಲಿ, ಅವರು ಅದೇ ಓಪನ್ ಮತ್ತೊಮ್ಮೆ ಗೆದ್ದರು. ಪವಾಡಗಳು ಹಾಗೆ ರಿಪೀಟ್ ಆಗುವುದಿಲ್ಲ ಮಾರಾಯ್ರೆ. ಅದು ವಿದ್ಯೆ.

ಮುನಿಯಪ್ಪನವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಕ್ಯಾಡಿ ಆಗಿದ್ದವರು. 2009ರ ಓಪನ್ ನಡೆದದ್ದು ಗುರುಗ್ರಾಮದ ಡಿಎಲ್‌ಎಫ್ ಮೈದಾನದಲ್ಲಿ, ಅಂದರೆ ಮನೆಯಂಗಳ ಅಲ್ಲ. ನಾಲ್ಕು ದಿನ, 72 ಕುಳಿ ಆಡಿ ಸಮಬಲ ಆಗಿ, ಕೊರಿಯಾದ ಲೀ ಸುಂಗ್ ಜೊತೆ ಪ್ಲೇ-ಆಫ್ ಆಡಿ ಗೆದ್ದರು. ಒಟ್ಟು ಬಹುಮಾನ 12.5 ಲಕ್ಷ ಡಾಲರ್, ಗೆದ್ದವನ ಪಾಲು ಎರಡು ಲಕ್ಷ ಡಾಲರ್ ಹತ್ತಿರ ಹತ್ತಿರ. ಪ್ಲೇ-ಆಫ್ ಅಂದರೆ ಒಂದೊಂದೇ ಕುಳಿ ಆಡುತ್ತಾ, ಮೊದಲು ತಪ್ಪಿದವನು ಮನೆಗೆ. ಗೊತ್ತಿಲ್ಲದ ಮೈದಾನದಲ್ಲಿ ಆ ಒತ್ತಡವನ್ನು ಒಬ್ಬ ಮನುಷ್ಯ ಹೇಗೆ ನಿಭಾಯಿಸಿದ ಅನ್ನುವುದು ಒಂದು ಒಳ್ಳೆ ಕ್ರೀಡಾ ಬರಹಕ್ಕೆ ಸಾಕಲ್ವಾ? ಆದರೆ ನಮಗೆ ನೆನಪಿರುವುದು ಹಳೇ ಬ್ಯಾಗ್ ಮಾತ್ರ. ಮುನಿಯಪ್ಪ ಅಂತ ಗೂಗಲ್ ಮಾಡಿದರೆ ರಾಜಕಾರಣಿಯೇ ಮೊದಲು ಬಂದಾರು.

ಅದೇ ಕೆಲಸವನ್ನು ಬೇರೆಯವರು ಮಾಡಿದಾಗ ಶಬ್ದ ಹೇಗೆ ಬದಲಾಗ್ತದೆ ನೋಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದರು. ಅವರ ಬ್ಯಾಗ್ ಹಿಡಿದು ಜೊತೆಗೆ ನಡೆದದ್ದು ತಾಯಿ ಮಾಹೇಶ್ವರಿ. ಅಲ್ಲಿ ಕ್ಯಾಡಿ ಅಂದರೆ ಬೆಂಬಲ, ತ್ಯಾಗ, ಸಂಗಾತ. ಸರಿಯೇ, ನನಗೂ ಅದನ್ನು ಟಿವಿಯಲ್ಲಿ ನೋಡುವಾಗ ಖುಷಿಯಾಗಿತ್ತು. ಆದರೆ ಅದೇ ಬ್ಯಾಗ್ ಮುನಿಯಪ್ಪನ ಹೆಗಲಿಗೆ ಬಂದಾಗ ಯಾಕೆ ಬರೀ ಭಾರ ಆಗ್ತದೆ?

ಇದು ಗಾಲ್ಫಿನ ಸಮಸ್ಯೆ ಮಾತ್ರ ಅಲ್ಲ, ನಮ್ಮ ಊರಿಗೂ ಬಂದಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿ 100 ಮೀಟರಿಗೆ 9.55 ಅಂದರು. ಆಮೇಲೆ ಉಸೇನ್ ಬೋಲ್ಟ್, ಕೇಂದ್ರ ಮಂತ್ರಿ, ಟ್ರಯಲ್ಸ್, ಕೂಲಿ ಕೆಲಸ ಮಾಡುವ ಬಡ ಹುಡುಗ, ಎಲ್ಲ ಬಂತು. ಬಾರದೇ ಇದ್ದದ್ದು ಕಂಬಳ ಒಂದೇ. ಕಾರ್ಕಳದ ಮಿಯಾರು ಕಂಬಳದಲ್ಲೋ, ಕಾಪು ಹತ್ತಿರದ ಕಟಪಾಡಿಯಲ್ಲೋ ಕರೆಯ ಬದಿಯಲ್ಲಿ ನಿಂತು ನೋಡಿದವರಿಗೆ ಗೊತ್ತುಂಟು, ಅಲ್ಲಿ ಓಡುವುದು ಒಬ್ಬ ಮನುಷ್ಯ ಅಲ್ಲ. ಕೋಣಗಳ ವೇಗ ಅವನನ್ನು ಎಳೆಯುತ್ತದೆ, ಅವನ ಕೈ ಅವುಗಳನ್ನು ನೇರ ಇಡುತ್ತದೆ. ಬೋಲ್ಟ್‌ಗೆ ಹೋಲಿಸಬೇಡಿ ಅಂತ ಶ್ರೀನಿವಾಸ ಗೌಡರೇ ಹೇಳಿದರು. ಕೇಳುವವರು ಯಾರು?

ನಮ್ಮ ಕಂಬಳವೇನೂ ಸಮಾನತೆಯ ಸ್ವರ್ಗ ಅಲ್ಲ. ಫಲಿತಾಂಶದಲ್ಲಿ ಮೊದಲು ಬರುವುದು ಕೋಣದ ಯಜಮಾನರ ಹೆಸರೇ. ಆದರೆ ಅದರ ಕೆಳಗೆ 'ಓಡಿಸಿದವರು' ಅಂತ ಇನ್ನೊಂದು ಹೆಸರು ಇರ್ತದೆ. ಹಗ್ಗದಲ್ಲಿ ಯಾರು ಒಳ್ಳೆಯವರು, ನೇಗಿಲಿನಲ್ಲಿ ಯಾರು, ಯಾವ ಜೋಡಿಗೆ ಯಾರ ಕೈ ಆಗ್ತದೆ ಅಂತ ಬೆಳಗಿನ ಜಾವದವರೆಗೆ ವಾದ ಮಾಡುವ ಜನ ಇದ್ದಾರೆ. ಅವರು ಓಟಗಾರನ ಬಡತನದ ಬಗ್ಗೆ ಮಾತಾಡುವುದಿಲ್ಲ, ಅವನ ಕಸುಬಿನ ಬಗ್ಗೆ ಮಾತಾಡ್ತಾರೆ. ವಿಮರ್ಶೆ ಅಂದರೆ ಅದು.

ನನಗೆ ಇದು ಯಾಕೆ ಇಷ್ಟು ನಾಟುತ್ತದೆ ಅಂದರೆ, ಈ ಕಥೆಯ ಸಣ್ಣ ಸೈಜನ್ನು ನನಗೂ ತೊಡಿಸಿದ್ದಾರೆ. ಒಮ್ಮೆ ಒಂದು ಕಂಪನಿಯ ಟೀಮ್ ಮೀಟಿಂಗಿನಲ್ಲಿ ನನ್ನನ್ನು ಪರಿಚಯಿಸಿದ್ದು ಹೀಗೆ: ಕಾರ್ಕಳದ ಹಳ್ಳಿ, ಕನ್ನಡ ಮೀಡಿಯಂ, ಗದ್ದೆ, ದನದ ಹಟ್ಟಿ, ಆದರೂ ನೋಡಿ ಇವತ್ತು ಇಲ್ಲಿದ್ದಾರೆ. ಚಪ್ಪಾಳೆ. ಆ ವರ್ಷ ನಾನು ಬರೆದ ಕೋಡ್ ಬಗ್ಗೆ ಒಂದು ಶಬ್ದ ಇಲ್ಲ. ಪಕ್ಕದಲ್ಲಿದ್ದವನ ಪರಿಚಯದಲ್ಲಿ ಅವನ ಡಿಸೈನ್ ಇತ್ತು, ನನ್ನ ಪರಿಚಯದಲ್ಲಿ ನನ್ನ ಹಟ್ಟಿ ಇತ್ತು. ಹೊಗಳಿದ ಹಾಗೆಯೂ ಆಯ್ತು, ಅಪ್ರೈಸಲ್‌ನಲ್ಲಿ ಕೇಳಲಿಕ್ಕೆ ಏನೂ ಇಲ್ಲದ ಹಾಗೆಯೂ ಆಯ್ತು.

'ಆದರೆ ಇಂಥ ಕಥೆಯಿಂದ ಹುಡುಗರಿಗೆ ಸ್ಫೂರ್ತಿ ಸಿಗ್ತದಲ್ವಾ?' ಅಂತ ಮಣಿಪಾಲದ ಗೆಳೆಯರೊಬ್ಬರು ಕೇಳಿದರು. ಸಿಗಬಹುದು. ಸ್ಫೂರ್ತಿ ಸಿಕ್ಕಿದ ಹುಡುಗ ಮರುದಿನ ಎಲ್ಲಿಗೆ ಹೋಗಬೇಕು? ಉಡುಪಿಯಿಂದ ಅವನು ಪಿಲಿಕುಳಕ್ಕೆ ಬಸ್ ಹತ್ತಿದ ಅಂತಲೇ ಇಟ್ಟುಕೊಳ್ಳಿ. ಗೇಟಿನಲ್ಲಿ ಏನು ಹೇಳಬೇಕು, ಕೋಲು ಯಾರು ಕೊಡ್ತಾರೆ, ಶನಿವಾರದ ಒಂದು ಗಂಟೆಗೆ ಎಷ್ಟು? ಕಥೆ ಇದನ್ನು ಹೇಳುವುದಿಲ್ಲ. ಬಿಡದಿ ಹತ್ತಿರದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಇವತ್ತು ದೊಡ್ಡ ಟೂರ್ನಿಗಳಲ್ಲಿ ಆಡುತ್ತಾರೆ ಅಂದರೆ, ಅದಕ್ಕೆ ಅವರ ಛಲದಷ್ಟೇ ಮುಖ್ಯ ಇನ್ನೊಂದು ವಿಷಯ: ಮನೆಯ ಹತ್ತಿರವೇ ಈಗಲ್‌ಟನ್ ಮೈದಾನ ಇತ್ತು, ಅಲ್ಲಿ ಕೋಲು ಹಿಡಿಯಲು ಅವಕಾಶ ಸಿಕ್ಕಿತು. ಛಲ ಎಲ್ಲ ಊರಲ್ಲೂ ಉಂಟು. ಮೈದಾನ ಇಲ್ಲ.

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಸುಮಾರು ಒಂದೂವರೆ ಶತಮಾನದ ಗಾಲ್ಫ್ ಇರುವ ಊರಿನಲ್ಲಿ ಬ್ಯಾಗ್ ಹೊತ್ತವರ ಪೈಕಿ ಎಷ್ಟು ಜನ ಆಡಬಲ್ಲವರು ಇದ್ದಿರಬೇಕು, ಯೋಚನೆ ಮಾಡಿ. ಒಬ್ಬ ಮುನಿಯಪ್ಪ ಗೆದ್ದದ್ದನ್ನು ವ್ಯವಸ್ಥೆಯ ದೊಡ್ಡತನ ಅಂತ ಓದಬಹುದು. ಉಳಿದವರು ಆಡದೇ ಹೋದದ್ದನ್ನೂ ಅದೇ ವ್ಯವಸ್ಥೆಯ ಲೆಕ್ಕಕ್ಕೆ ಹಾಕಬೇಕಲ್ವಾ?

ಮುಂದಿನ ಸಲ ಇಂಥವರೊಬ್ಬರು ಗೆದ್ದಾಗ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಅವನ ಅಮ್ಮನ ಕಣ್ಣೀರಿಗೆ ಒಂದು ಸಾಲು ಸಾಕು. ಕೊನೆಯ ಕುಳಿಯಲ್ಲಿ ಯಾವ ಕೋಲು ತೆಗೆದ, ಯಾಕೆ ತೆಗೆದ ಅಂತ ಅವನನ್ನೇ ಕೇಳಿ ಬರೆಯಿರಿ. ಅವನಿಗೆ ಮೊದಲು ಆಡಲಿಕ್ಕೆ ಬಿಟ್ಟವರು ಯಾರು, ಯಾವ ವಾರ, ಎಷ್ಟು ಹೊತ್ತು ಅಂತ ಬರೆಯಿರಿ. ಆಮೇಲೆ ಆ ಕ್ಲಬ್ಬಿಗೆ ಹೋಗಿ, ಈಗ ಅಲ್ಲಿ ಬ್ಯಾಗ್ ಹೊರುತ್ತಿರುವ ಹುಡುಗರಿಗೆ ಆಡಲು ಬಿಡ್ತೀರಾ ಅಂತ ಕೇಳಿ, ಉತ್ತರವನ್ನೂ ಪ್ರಿಂಟ್ ಮಾಡಿ.