ಇಂದ್ರಿಯದ್ವಾರ ಮತ್ತು ಮನೋವಿಕಾಸ: ಕೆಲವು ಗ್ರಂಥಗಳ ವಿಮರ್ಶೆ

ಮನಸ್ಸು ಇಂದ್ರಿಯಗಳ ಒಡೆಯನೋ ಅಥವಾ ಇಂದ್ರಿಯಗಳು ಹೊರಗಿನಿಂದ ತಂದು ಕೂಡಿಟ್ಟ ಸಂಪಾದನೆಯೋ ಎಂಬುದು ತತ್ತ್ವಶಾಸ್ತ್ರದ ಬಹು ಹಳೆಯ ವಿವಾದಗಳಲ್ಲೊಂದು. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಎಂಬ ಐದು ಬಾಗಿಲುಗಳೂ ಹುಟ್ಟಿನಿಂದಲೇ ಮುಚ್ಚಿದ್ದರೆ ಒಳಗೆ ಮನಸ್ಸೆಂಬುದು ಬೆಳೆಯುವುದು ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಹೇಳಿದವರು ಹಲವರಿದ್ದಾರೆ. ಆದರೆ ಅವರ ಉತ್ತರವನ್ನು ಒಪ್ಪುವ ಮೊದಲು, ಆ ಉತ್ತರವನ್ನು ಅವರು ಪಡೆದ ಬಗೆಯನ್ನು ಪರಿಶೀಲಿಸುವುದು ಅಗತ್ಯ. ಏಕೆಂದರೆ ಈ ವಿಷಯದಲ್ಲಿ ಪ್ರಸಿದ್ಧವಾದ ಗ್ರಂಥಗಳಲ್ಲಿ, ಯಾವುದನ್ನು ಸಾಧಿಸಿ ತೋರಿಸಬೇಕಾಗಿತ್ತೋ ಅದನ್ನೇ ಮೊದಲು ಒಳಗಿರಿಸಿಕೊಂಡು, ಬಳಿಕ ಹೊರತೆಗೆದು ತೋರಿಸಿದ ಸಂದರ್ಭಗಳುಂಟು.

ಭಾರತೀಯ ದರ್ಶನಗಳಲ್ಲಿ ಈ ಪ್ರಶ್ನೆಯ ರೂಪವೇ ಬೇರೆ. ಸಾಂಖ್ಯರು ಐದು ಜ್ಞಾನೇಂದ್ರಿಯ, ಐದು ಕರ್ಮೇಂದ್ರಿಯಗಳ ಜೊತೆಗೆ ಮನಸ್ಸನ್ನು ಹನ್ನೊಂದನೆಯ ಇಂದ್ರಿಯವಾಗಿ ಎಣಿಸಿದರು. ನೈಯಾಯಿಕರಿಗೆ ಮನಸ್ಸು ಸುಖದುಃಖಾದಿಗಳನ್ನು ಅರಿಯುವ ಅಂತಃಕರಣ. ಹೊರಗಿನ ಇಂದ್ರಿಯವು ವಿಷಯವನ್ನು ಮುಟ್ಟಿದರೂ ಮನಸ್ಸು ಅದರೊಡನೆ ಕೂಡದಿದ್ದರೆ ಜ್ಞಾನವು ಹುಟ್ಟದು. ಹೀಗೆ ಮನಸ್ಸೂ ಒಂದು ಕರಣವೆಂದು ಒಪ್ಪಿದಲ್ಲಿ, ಕರಣಗಳಾವುವೂ ಇಲ್ಲದ ಮನಸ್ಸೆಂಬ ಮಾತೇ ಹುಟ್ಟುವುದಿಲ್ಲ. ಪಶ್ಚಿಮದಲ್ಲಿಯಾದರೋ 1690ರ ತನ್ನ ಗ್ರಂಥದಲ್ಲಿ ಜಾನ್ ಲಾಕನು ಮನಸ್ಸನ್ನು ಬರಹವಿಲ್ಲದ ಬಿಳಿಯ ಕಾಗದಕ್ಕೆ ಹೋಲಿಸಿದ ಮೇಲೆ ಈ ಪ್ರಶ್ನೆ ತೀವ್ರವಾಯಿತು. ಕಾಗದದ ಮೇಲೆ ಯಾವ ಅಕ್ಷರವೂ ಬೀಳದೆ ಹೋದರೆ ಉಳಿಯುವುದೇನು?

ಲಾಕನಿಗಿಂತ ಆರು ಶತಮಾನಗಳಿಗೂ ಹಿಂದೆಯೇ ಇದಕ್ಕೆ ಸಮೀಪವಾದ ಕಲ್ಪನೆಯೊಂದನ್ನು ಮುಂದಿಟ್ಟವನು ಪಾರಸಿಕ ತತ್ತ್ವಜ್ಞನೂ ವೈದ್ಯನೂ ಆದ ಇಬ್ನ್ ಸೀನಾ. 1037ರಲ್ಲಿ ತೀರಿಕೊಂಡ ಈ ವಿದ್ವಾಂಸನು ‘ಶಿಫಾ’ ಎಂಬ ಮಹಾಗ್ರಂಥದ ಆತ್ಮವಿಚಾರದ ಭಾಗದಲ್ಲಿ, ಆಕಾಶದಲ್ಲಿ ತೇಲುತ್ತಿರುವ ಒಬ್ಬ ಮನುಷ್ಯನನ್ನು ಊಹಿಸುವಂತೆ ಓದುಗನಿಗೆ ಹೇಳುತ್ತಾನೆ. ಆ ಮನುಷ್ಯನು ಒಮ್ಮೆಗೇ ಪೂರ್ಣನಾಗಿ ಸೃಷ್ಟಿಯಾದವನು. ಅವನ ಕಣ್ಣಿಗೆ ಏನೂ ಕಾಣದು; ಗಾಳಿಯೂ ಅವನ ಮೈಗೆ ತಾಗದು; ಅವನ ಅವಯವಗಳು ಸಹ ಒಂದಕ್ಕೊಂದು ಸೋಕದಂತೆ ಚಾಚಿಕೊಂಡಿವೆ. ಹೀಗಿದ್ದರೂ ‘ತಾನು ಇದ್ದೇನೆ’ ಎಂಬುದನ್ನು ಅವನು ಒಪ್ಪದೆ ಇರಲಾರನು ಎಂಬುದು ಇಬ್ನ್ ಸೀನಾನ ಅಭಿಪ್ರಾಯ.

ಈ ಚಿತ್ರದ ಶಕ್ತಿಯನ್ನು ಅಲ್ಲಗಳೆಯಲಾಗದು. ಅದನ್ನು ರಚಿಸಿದವನೂ ಅದನ್ನು ಪೂರ್ಣಪ್ರಮಾಣವೆಂದು ಭಾವಿಸದೆ, ಆತ್ಮದ ಕಡೆಗೆ ಬುದ್ಧಿಯನ್ನು ತಿರುಗಿಸುವ ಸೂಚನೆಯೆಂದೇ ಭಾವಿಸಿದ್ದನು. ಆದರೆ ಮನೋವಿಕಾಸದ ಪ್ರಶ್ನೆಗೆ ಇದರಿಂದ ಉತ್ತರ ದೊರೆಯುವುದಿಲ್ಲ. ತೇಲುವ ಮನುಷ್ಯನಿಗೆ ಬಾಲ್ಯವೇ ಇಲ್ಲ. ಇರುವುದು, ಇಲ್ಲದಿರುವುದು, ತಾನು, ಅನ್ಯ ಎಂಬ ಭೇದಗಳನ್ನು ಬಲ್ಲ ಪ್ರೌಢಬುದ್ಧಿಯನ್ನು ಅವನು ಹುಟ್ಟುವಾಗಲೇ ಪಡೆದು ಬಂದಿದ್ದಾನೆ. ಬೆಳೆದ ಮರವನ್ನು ತಂದು ನಿಲ್ಲಿಸಿ, ಬೀಜಕ್ಕೆ ನೀರು ಬೇಕಿಲ್ಲವೆಂದು ಹೇಳಿದರೆ ಅದು ತೋಟಗಾರನಿಗೆ ಒಪ್ಪಿಗೆಯಾಗದು.

ಇದಕ್ಕೆ ನೇರ ವಿರುದ್ಧವಾದ ದಿಕ್ಕಿನಲ್ಲಿ ಹೊರಟವನು ಫ್ರಾನ್ಸಿನ ಕೊಂದಿಯಾಕನು. 1754ರಲ್ಲಿ ಪ್ರಕಟವಾದ ‘ಸಂವೇದನೆಗಳನ್ನು ಕುರಿತ ಗ್ರಂಥ’ದಲ್ಲಿ ಅವನು ಅಮೃತಶಿಲೆಯ ಹೊದಿಕೆಯುಳ್ಳ ಒಂದು ಪ್ರತಿಮೆಯನ್ನು ಕಲ್ಪಿಸುತ್ತಾನೆ. ಅದರ ಒಳರಚನೆ ಮನುಷ್ಯನದರಂತೆಯೇ ಇದೆ, ಆದರೆ ಅದರೊಳಗೆ ಒಂದು ಭಾವನೆಯೂ ಇಲ್ಲ. ಮೊದಲು ಅದಕ್ಕೆ ಘ್ರಾಣವೊಂದನ್ನೇ ಕೊಟ್ಟು ಗುಲಾಬಿಯನ್ನು ಒಡ್ಡುತ್ತಾನೆ. ಆಗ ಆ ಪ್ರತಿಮೆಗೆ ತಾನೆಂಬುದು ಗುಲಾಬಿಯ ಕಂಪಲ್ಲದೆ ಮತ್ತೇನೂ ಅಲ್ಲ. ಆ ಒಂದು ಕಂಪಿನಿಂದಲೇ ಅವಧಾನ, ಸ್ಮರಣೆ, ಹೋಲಿಕೆ, ಬಯಕೆಗಳನ್ನು ಒಂದರಿಂದೊಂದನ್ನು ಹೊರಡಿಸುತ್ತಾನೆ. ಕಟ್ಟಕಡೆಗೆ, ತನ್ನಿಂದ ಹೊರಗೆ ಒಂದು ಜಗತ್ತು ಇದೆಯೆಂಬ ಅರಿವು ಅದಕ್ಕೆ ಬರುವುದು ಸ್ಪರ್ಶದಿಂದ.

ಕೊಂದಿಯಾಕನ ಗ್ರಂಥದಲ್ಲಿ ಉಳಿಯುವಂಥದು ಎರಡಂಶ: ಮನಸ್ಸು ಒಂದೇ ಬಾಗಿಲಿನಿಂದಲೂ ಬೆಳೆಯಬಲ್ಲದೆಂಬ ಧೈರ್ಯದ ಊಹೆ ಮೊದಲನೆಯದು, ಸ್ಪರ್ಶಕ್ಕೆ ಅವನು ಕೊಟ್ಟ ವಿಶೇಷ ಸ್ಥಾನ ಎರಡನೆಯದು. ಆದರೆ ದೋಷವೂ ಅಲ್ಲಿಯೇ ಇದೆ. ಕಂಪು ಹಿತವಾಗುವುದು, ಅಹಿತವಾಗುವುದು, ಹೋದ ಮೇಲೂ ಉಳಿಯುವುದು, ಮತ್ತೆ ಬೇಕೆನಿಸುವುದು—ಇವೆಲ್ಲ ಗುಲಾಬಿಯಲ್ಲಿಲ್ಲ. ಅವು ಶಿಲೆಯ ಒಳಗೆ ಮೊದಲೇ ಇದ್ದರೆ ಮಾತ್ರ ಕಂಪು ಅವನ್ನು ಎಚ್ಚರಿಸಬಲ್ಲದು. ಇಬ್ನ್ ಸೀನಾನು ಪ್ರೌಢನಾದ ಮನುಷ್ಯನನ್ನು ಬಹಿರಂಗವಾಗಿ ಸೃಷ್ಟಿಸಿದನು. ಕೊಂದಿಯಾಕನು ಅದೇ ಮನುಷ್ಯನನ್ನು ಶಿಲೆಯೊಳಗೆ ಅಡಗಿಸಿಟ್ಟನು. ಪ್ರತಿಮೆಯ ಬಳಿಗೆ ಮತ್ತೊಬ್ಬ ಮನುಷ್ಯನು ಬರುವುದೇ ಇಲ್ಲವೆಂಬುದೂ ಗಮನಾರ್ಹ. ಅದಕ್ಕೆ ಹೂವನ್ನು ಒಡ್ಡುವವರಿದ್ದಾರೆ; ಅದರ ಕೈಹಿಡಿಯುವವರಿಲ್ಲ.

ಇದು ಪಂಡಿತರ ಕಾಲಕ್ಷೇಪ ಮಾತ್ರವಾಗಿದ್ದರೆ ಇಷ್ಟು ವಿಚಾರ ಬೇಕಿರಲಿಲ್ಲ. 1765ರಲ್ಲಿ ಇಂಗ್ಲಿಷ್ ಕಾನೂನಿನ ವ್ಯಾಖ್ಯಾನವನ್ನು ಪ್ರಕಟಿಸಲು ತೊಡಗಿದ ವಿಲಿಯಂ ಬ್ಲ್ಯಾಕ್‌ಸ್ಟನ್, ಹುಟ್ಟಿನಿಂದ ಕುರುಡನೂ ಕಿವುಡನೂ ಮೂಕನೂ ಆದವನನ್ನು ಕಾನೂನು ಜಡಮತಿಗೆ ಸಮಾನನೆಂದು ಎಣಿಸುತ್ತದೆಂದು ಬರೆದನು. ಮನಸ್ಸಿಗೆ ಭಾವನೆಗಳನ್ನು ಒದಗಿಸುವ ಇಂದ್ರಿಯಗಳೆಲ್ಲ ಅವನಿಗೆ ಇಲ್ಲದಿರುವುದರಿಂದ ತಿಳಿವಳಿಕೆಯೂ ಇರಲಾರದೆಂಬುದು ಅಲ್ಲಿ ಕೊಟ್ಟ ಕಾರಣ. ಈ ವಾಕ್ಯದಲ್ಲಿ ಮೂಗು, ನಾಲಗೆ, ಚರ್ಮಗಳು ಲೆಕ್ಕಕ್ಕೇ ಬಂದಿಲ್ಲ. ಲಾಕನ ಬಿಳಿಯ ಕಾಗದವು ನ್ಯಾಯಶಾಸ್ತ್ರದಲ್ಲಿ ಒಂದು ತೀರ್ಪಾಗಿ ಪರಿಣಮಿಸಿತು: ಇವನಲ್ಲಿ ಮನಸ್ಸಿಲ್ಲ, ಆದುದರಿಂದ ಇವನಿಗೆ ಕಲಿಸುವ ಶ್ರಮ ವ್ಯರ್ಥ.

ಈ ತೀರ್ಪನ್ನು ಸುಳ್ಳು ಮಾಡಿದವರು ತತ್ತ್ವಜ್ಞರಲ್ಲ, ಉಪಾಧ್ಯಾಯರು. 1829ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಪ್ರಾಂತದಲ್ಲಿ ಹುಟ್ಟಿದ ಲಾರಾ ಬ್ರಿಜ್‌ಮನ್ ಎರಡು ವರ್ಷದ ವಯಸ್ಸಿನಲ್ಲಿ ಕೆಂಪುಜ್ವರಕ್ಕೆ ತುತ್ತಾಗಿ ದೃಷ್ಟಿ, ಶ್ರವಣಗಳನ್ನು ಕಳೆದುಕೊಂಡಳು. ಘ್ರಾಣವೂ ಹೋಯಿತು, ರುಚಿಯೂ ಬಹುಮಟ್ಟಿಗೆ ಹೋಯಿತು. ಉಳಿದದ್ದು ಸ್ಪರ್ಶವೊಂದೇ. 1837ರಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಸಂಸ್ಥೆಯಲ್ಲಿ ಸ್ಯಾಮ್ಯುಯೆಲ್ ಹೋವ್ ಎಂಬ ವೈದ್ಯರು ಚಮಚ, ಬೀಗದ ಕೈ ಮುಂತಾದ ವಸ್ತುಗಳಿಗೆ ಉಬ್ಬಕ್ಷರದ ಚೀಟಿಗಳನ್ನು ಅಂಟಿಸಿ ಆಕೆಗೆ ಕಲಿಸತೊಡಗಿದರು. ಬಹುಕಾಲ ಆಕೆ ಮಾಡುತ್ತಿದ್ದುದು ಬರಿಯ ಅನುಕರಣೆ. ಅನಂತರ ಒಂದು ಹಂತದಲ್ಲಿ, ಈ ಗುರುತುಗಳಿಂದ ತನ್ನ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ತಿಳಿಸಬಹುದೆಂಬ ಅರಿವು ಆಕೆಗೆ ಮೂಡಿತು. ನಿದ್ರೆಯಲ್ಲಿಯೂ ಆಕೆಯ ಬೆರಳುಗಳು ಅಕ್ಷರಗಳನ್ನು ಆಡುತ್ತಿದ್ದವೆಂದು ಹೋವ್ ದಾಖಲಿಸಿದ್ದಾರೆ. 1842ರಲ್ಲಿ ಆಕೆಯನ್ನು ಕಂಡ ಚಾರ್ಲ್ಸ್ ಡಿಕನ್ಸ್ ತನ್ನ ಪ್ರವಾಸಗ್ರಂಥದಲ್ಲಿ ಈ ವೃತ್ತಾಂತಕ್ಕೆ ಎಡೆಕೊಟ್ಟನು.

ಲಾರಾ ಎರಡು ವರ್ಷ ನೋಡಿ ಕೇಳಿದ್ದವಳಲ್ಲವೇ ಎಂಬ ಆಕ್ಷೇಪಕ್ಕೆ ಫ್ರಾನ್ಸಿನ ಮರೀ ಅರ್ತ್ಯಾಂ ಎಂಬ ಬಾಲೆಯ ಚರಿತ್ರೆ ಉತ್ತರ ಕೊಡುತ್ತದೆ. 1885ರಲ್ಲಿ ಹುಟ್ಟಿದ ಆಕೆ ಹುಟ್ಟಿನಿಂದಲೇ ಕುರುಡಿ, ಕಿವುಡಿ. 1895ರಲ್ಲಿ ಪ್ವಾತಿಯೇ ನಗರದ ಬಳಿಯ ಲಾರ್ನೆ ಎಂಬಲ್ಲಿನ ಸಂನ್ಯಾಸಿನಿಯರ ಆಶ್ರಮಕ್ಕೆ ಆಕೆಯನ್ನು ತಂದಾಗ, ಅವಳ ಉದ್ರೇಕವನ್ನು ಅಡಗಿಸುವುದೇ ಕಷ್ಟವಾಗಿತ್ತು. ಸೇಂತ್ ಮಾರ್ಗರೀತ್ ಎಂಬ ಸೋದರಿಯು, ಆ ಬಾಲೆಗೆ ಬಹಳ ಪ್ರಿಯವಾಗಿದ್ದ ಒಂದು ಚಿಕ್ಕ ಚಾಕುವನ್ನು ತೆಗೆದುಕೊಂಡು, ಅದರ ಸಂಕೇತವನ್ನು ಆಕೆಯ ಕೈಗಳಿಂದಲೇ ಮಾಡಿಸಿ, ಸಂಕೇತ ಮಾಡಿದಾಗ ಚಾಕುವನ್ನು ಮರಳಿ ಕೊಡುತ್ತ ಮೊದಲ ಪಾಠವನ್ನು ಹೇಳಿಕೊಟ್ಟರು. ಬ್ಲ್ಯಾಕ್‌ಸ್ಟನ್ನನ ವಾಕ್ಯವು ಯಾರನ್ನು ಜಡಮತಿಯೆಂದಿತ್ತೋ ಅಂಥವಳೇ ಓದುಬರಹ ಬಲ್ಲವಳಾದಳು.

ಇನ್ನು ಈ ವಿಷಯದಲ್ಲಿ ಒಳಗಿನಿಂದ ಸಾಕ್ಷ್ಯ ನುಡಿದವರಲ್ಲಿ ಮುಖ್ಯರಾದವರು ಹೆಲೆನ್ ಕೆಲರ್. 1880ರಲ್ಲಿ ಅಲಬಾಮಾ ಪ್ರಾಂತದಲ್ಲಿ ಹುಟ್ಟಿ, ಹತ್ತೊಂಬತ್ತು ತಿಂಗಳಿನಲ್ಲಿ ದೃಷ್ಟಿ ಶ್ರವಣಗಳನ್ನು ಕಳೆದುಕೊಂಡ ಅವರು, 1887ರಲ್ಲಿ ಆನ್ ಸಲಿವನ್ ಎಂಬ ಗುರುವನ್ನು ಪಡೆದರು. ಅವರ ‘ನನ್ನ ಜೀವನ ಕಥೆ’ 1903ರಲ್ಲಿಯೂ ‘ನಾನು ವಾಸಿಸುವ ಜಗತ್ತು’ 1908ರಲ್ಲಿಯೂ ಹೊರಬಂದವು. ಎರಡನೆಯ ಗ್ರಂಥದಲ್ಲಿ, ಗುರು ಬರುವ ಮೊದಲು ತನಗೆ ತಾನೆಂಬ ಅರಿವೇ ಇರಲಿಲ್ಲ, ಯಾವುದನ್ನೂ ಮುಂಚಿತವಾಗಿ ಆಲೋಚಿಸಿ ಆರಿಸಿಕೊಂಡದ್ದೂ ಇಲ್ಲ ಎಂದು ಅವರು ಹೇಳುತ್ತಾರೆ. ಈ ಮಾತನ್ನು ಅನೇಕರು ಪ್ರಮಾಣವಾಗಿ ಉದಾಹರಿಸುತ್ತಾರೆ.

ಆದರೆ ಎರಡು ಗ್ರಂಥಗಳನ್ನೂ ಜೊತೆಯಲ್ಲಿಟ್ಟು ಓದಿದಾಗ ತೊಡಕು ಕಾಣುತ್ತದೆ. ಮೊದಲನೆಯ ಗ್ರಂಥದ ಬಾಲೆ, ಭಾಷೆ ಬರುವ ಮೊದಲೇ, ತಾಯಿಯನ್ನು ಉಗ್ರಾಣದಲ್ಲಿ ಕೂಡಿ ಬೀಗ ಹಾಕುತ್ತಾಳೆ. ತಾಯಿ ಬಾಗಿಲು ಬಡಿದಾಗ ಹುಟ್ಟಿದ ಕಂಪನವನ್ನು ಮೈಯಿಂದ ಅರಿತು ನಗುತ್ತಾಳೆ. ಗುರು ಬಂದ ಹೊಸದರಲ್ಲಿ ಆಕೆಯನ್ನೂ ಕೋಣೆಯಲ್ಲಿ ಕೂಡಿ, ಬೀಗದ ಕೈಯನ್ನು ಬೀರುವಿನ ಕೆಳಗೆ ಅಡಗಿಸಿಡುತ್ತಾಳೆ. ಇತರರು ತುಟಿಗಳನ್ನು ಆಡಿಸಿ ಪರಸ್ಪರ ತಿಳಿಸುತ್ತಾರೆಂಬುದನ್ನು ಕೈಯಿಂದ ಮುಟ್ಟಿ ಅರಿತು, ತಾನೂ ತುಟಿಯಾಡಿಸಿ, ಫಲ ಕಾಣದೆ ಕೋಪಗೊಳ್ಳುತ್ತಾಳೆ. ಇದು ಮನಸ್ಸಿಲ್ಲದ ಪ್ರಾಣಿಯ ವರ್ತನೆಯಲ್ಲ. ಹೋಲಿಸುವ, ಉಪಾಯ ಹೂಡುವ, ಮರೆಮಾಡುವ ಮನಸ್ಸಿನದು. ಹಾಗಾದರೆ 1908ರ ಗ್ರಂಥವು ಸುಳ್ಳಾಡುತ್ತಿದೆಯೇ? ಇಲ್ಲ. ಭಾಷೆ ಬಂದ ಮೇಲೆ ಹಿಂದಿರುಗಿ ನೋಡಿದವರಿಗೆ, ಹೆಸರಿಲ್ಲದ ಕಾಲವು ಶೂನ್ಯವಾಗಿ ಕಂಡಿರುವುದು ಸಹಜ. ಹಿಂದಿನದನ್ನು ನೋಡಲು ಅವರಿಗೆ ಒದಗಿದ ಕಣ್ಣು ಭಾಷೆಯೇ. ಭಾಷೆಗೆ ಸಿಕ್ಕದುದು ಅದಕ್ಕೆ ಕಾಣಲಿಲ್ಲ.

ಹಾಗಾದರೆ ಭಾಷೆಯಿಂದ ಹೊಸದಾಗಿ ಬಂದುದೇನು? ಇದಕ್ಕೂ ಮೊದಲ ಗ್ರಂಥದಲ್ಲಿಯೇ ಸಾಕ್ಷ್ಯವಿದೆ. 1887ರ ಏಪ್ರಿಲ್ ತಿಂಗಳ ಒಂದು ದಿನ ಬಾಲೆ ಹೆಲೆನ್ ಕೋಪದಿಂದ ತನ್ನ ಹೊಸ ಬೊಂಬೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆಯುತ್ತಾಳೆ. ದುಃಖವಾಗಲಿ ವಿಷಾದವಾಗಲಿ ಅವಳಿಗೆ ಆಗುವುದಿಲ್ಲ. ಅನಂತರ ನೀರಿನ ಪಂಪಿನ ಬಳಿ ಒಂದು ಕೈಯ ಮೇಲೆ ತಣ್ಣೀರು ಹರಿಯುತ್ತಿದ್ದಾಗ, ಇನ್ನೊಂದು ಕೈಯಲ್ಲಿ ಗುರು ಬೆರಳಿನಿಂದ ಬರೆದದ್ದು ಆ ನೀರಿನ ಹೆಸರೆಂಬ ಅರಿವು ಮಿಂಚುತ್ತದೆ. ಮನೆಗೆ ಹಿಂದಿರುಗಿದೊಡನೆ ಬೊಂಬೆಯ ಚೂರುಗಳನ್ನು ಹುಡುಕಿ ಜೋಡಿಸಲು ಯತ್ನಿಸಿ ಅಳುತ್ತಾಳೆ. ಪಶ್ಚಾತ್ತಾಪವೆಂಬುದು ಅವಳಿಗೆ ಅಂದೇ ಮೊದಲು. ಸ್ಪರ್ಶವೂ ಅದೇ, ಬೊಂಬೆಯೂ ಅದೇ. ಬದಲಾದದ್ದು ಮತ್ತೊಬ್ಬರೊಡನೆ ಅರ್ಥವನ್ನು ಹಂಚಿಕೊಳ್ಳುವ ಸಾಮರ್ಥ್ಯ. ಉಪಾಯವನ್ನು ಬಲ್ಲ ಮನಸ್ಸು ಇಂದ್ರಿಯಗಳಿಂದಲೇ ಬೆಳೆದಿತ್ತು. ತನ್ನ ಕೃತ್ಯಕ್ಕೆ ತಾನೇ ನೊಂದುಕೊಳ್ಳುವ ಮನಸ್ಸು ಹುಟ್ಟಲು ಅದರ ಜೊತೆಗೆ ಇನ್ನೊಬ್ಬರ ಕೈ ಬೇಕಾಯಿತು.

ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಫ್ರೆಂಚ್ ವಿದ್ವಾಂಸ ಪಿಯೆರ್ ವಿಲೆ, 1914ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕೆಲರ್ ಅವರನ್ನು ಕಟುವಾಗಿ ಟೀಕಿಸಿದ್ದುಂಟು. ಕಾಣದ ಬಣ್ಣಗಳನ್ನೂ ಕೇಳದ ನಾದಗಳನ್ನೂ ವರ್ಣಿಸುವ ಅವರು ಶಬ್ದಗಳಿಗೆ ಮರುಳಾದವರೆಂಬುದು ಈ ಟೀಕೆಯ ಸಾರ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಕೈ, ಕಂಪನ, ವಾಸನೆಗಳನ್ನು ಕುರಿತು ಬರೆದ ಪುಟಗಳಲ್ಲಿರುವ ಖಚಿತತೆ ಬಣ್ಣಗಳ ವರ್ಣನೆಯಲ್ಲಿ ಇಲ್ಲ. ಆದರೆ ಹಿಮಾಲಯವನ್ನು ಕಾಣದೆ ಹಿಮಾಲಯವನ್ನು ಬಲ್ಲವರು, ಕಡಲನ್ನು ನೋಡದೆ ಕಾವ್ಯದಿಂದ ಕಡಲನ್ನು ಅರಿತವರು ಕಣ್ಣುಳ್ಳವರಲ್ಲಿಯೂ ಅಸಂಖ್ಯರು. ಶಬ್ದದ ಮೂಲಕ ಅರಿಯುವುದು ದೋಷವಾದರೆ ವಿದ್ಯೆಯ ಬಹುಭಾಗವೇ ದೋಷವಾಗಬೇಕಾದೀತು.

ಈಚಿನ ವಿಜ್ಞಾನವು ಈ ವಿಚಾರಕ್ಕೆ ಕೆಲವು ಎಲ್ಲೆಗಳನ್ನು ಹಾಕಿಕೊಟ್ಟಿದೆ. 1950ರ ದಶಕದ ಆರಂಭದಲ್ಲಿ ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಅವರ ಸಂಗಡಿಗರು, ದಿನಕ್ಕೆ 20 ಡಾಲರ್ ಕೊಟ್ಟು ವಿದ್ಯಾರ್ಥಿಗಳನ್ನು ಮಂದವಾದ ಕನ್ನಡಕ, ಕೈಗವಸುಗಳೊಡನೆ ಏಕಾಂತದಲ್ಲಿ ಮಲಗಿಸಿದರು. ಕೆಲವೇ ದಿನಗಳಲ್ಲಿ ಅವರ ಆಲೋಚನೆ ಕದಡಿತು, ಹಲವರಿಗೆ ಇಲ್ಲದ ದೃಶ್ಯಗಳು ಕಂಡವು. ಬೆಳೆದ ಮನಸ್ಸಿಗೂ ಇಂದ್ರಿಯಗಳ ಪೋಷಣೆ ನಿರಂತರವಾಗಿ ಬೇಕೆಂಬುದು ಇದರಿಂದ ತಿಳಿಯಬರುತ್ತದೆ. ಇನ್ನೊಂದು ಕಡೆ, ಸಸ್ತನಿಗಳ ಕಣ್ಣಿನ ಅಕ್ಷಿಪಟಲವು ಬೆಳಕು ಕಾಣುವ ಮೊದಲೇ ತಾನಾಗಿ ವಿದ್ಯುತ್ತಿನ ಅಲೆಗಳನ್ನು ಹುಟ್ಟಿಸಿ ಮಿದುಳಿನ ರಚನೆಗೆ ನೆರವಾಗುತ್ತದೆಂಬುದೂ ಸಿದ್ಧವಾಗಿದೆ. ಆದುದರಿಂದ ಬಿಳಿಯ ಕಾಗದದ ಹೋಲಿಕೆ ಪೂರ್ತಿಯಾಗಿ ನಿಲ್ಲದು. ಎಳೆತನದಿಂದ ಕಣ್ಣಿಲ್ಲದವರು ಬ್ರೈಲ್ ಓದುವಾಗ ಮಿದುಳಿನ ದೃಷ್ಟಿಭಾಗವೂ ದುಡಿಯುತ್ತದೆಂದು 1996ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಒಂದು ಬಾಗಿಲಿನಿಂದ ಬಂದ ಅತಿಥಿಗೆ ಮನೆಯ ಬೇರೆ ಕೋಣೆಗಳೂ ತೆರೆದುಕೊಳ್ಳುತ್ತವೆ.

ಆದರೆ ಐದು ಬಾಗಿಲೂ ಮುಚ್ಚಿದ ಮನಸ್ಸನ್ನು ಈವರೆಗೆ ಕಂಡವರಿಲ್ಲ. ಗರ್ಭದಲ್ಲಿಯೇ, ಸುಮಾರು ಎಂಟನೆಯ ವಾರದಲ್ಲಿ, ಬಾಯಿಯ ಸುತ್ತಲಿನ ಸ್ಪರ್ಶಕ್ಕೆ ಭ್ರೂಣವು ಪ್ರತಿಕ್ರಿಯೆ ತೋರುತ್ತದೆ. ಹಸಿವು, ನೋವು, ಅಂಗಗಳ ಚಲನೆ ಎಂಬ ಒಳಗಿನ ಸಂವೇದನೆಗಳು ಬೇರೆ ಇವೆ. ಲಾರಾಳಿಂದ ಹೆಲೆನ್‌ವರೆಗೆ ಯಾರ ಚರಿತ್ರೆಯೂ ಇಂದ್ರಿಯಶೂನ್ಯವಾದ ಮನಸ್ಸಿನ ಚರಿತ್ರೆಯಲ್ಲ; ಸ್ಪರ್ಶದಿಂದ ಬೆಳೆದ ಮನಸ್ಸಿನ ಚರಿತ್ರೆ. ಹೀಗಿರಲಾಗಿ, ಯಾವ ಇಂದ್ರಿಯವೂ ಇಲ್ಲದೆ ಮನಸ್ಸು ಬೆಳೆದೀತೆಂದು ಹೇಳಲು ಒಂದಾದರೂ ಸಾಕ್ಷ್ಯವಿಲ್ಲ. ಆದರೆ ಇಂದ್ರಿಯಗಳ ಸಂಖ್ಯೆಯಿಂದ ಮನಸ್ಸನ್ನು ಅಳೆದ ಬ್ಲ್ಯಾಕ್‌ಸ್ಟನ್ನನ ತರ್ಕವೂ ನಿಲ್ಲದು. ಮನೋವಿಕಾಸಕ್ಕೆ ತೆರೆದ ಬಾಗಿಲು ಒಂದಾದರೂ ಇರಬೇಕು. ಆ ಬಾಗಿಲಿನ ಬಳಿಗೆ ಯಾರಾದರೂ ಬರಬೇಕು. ಇಬ್ನ್ ಸೀನಾನ ಚಿತ್ರದಲ್ಲಿ ಬಾಗಿಲಿಲ್ಲ; ಕೊಂದಿಯಾಕನ ಗ್ರಂಥದಲ್ಲಿ ಬಾಗಿಲಿದೆ, ಬರುವವರಿಲ್ಲ. ಎರಡೂ ಇರುವುದು ಹೋವ್ ಬರೆದಿಟ್ಟ ವರದಿಗಳಲ್ಲಿ, ಲಾರ್ನೆಯ ವೃತ್ತಾಂತದಲ್ಲಿ, ಕೆಲರ್ ಅವರ 1903ರ ಗ್ರಂಥದಲ್ಲಿ. ಮನಸ್ಸಿನ ಹುಟ್ಟನ್ನು ತಿಳಿಯಬಯಸುವ ವಿದ್ಯಾರ್ಥಿಯು ತತ್ತ್ವಜ್ಞರ ಕಲ್ಪನೆಗಳನ್ನು ಓದಬೇಕಾದುದು ಸರಿಯೇ. ಈ ಉಪಾಧ್ಯಾಯರ ಬರಹಗಳನ್ನು ಮಾತ್ರ ಅವುಗಳಿಗಿಂತ ಮೊದಲು ಓದಬೇಕು.