ಅರ್ಜುನನನ್ನು ದೂರ ಕಳಿಸುವ ಜಾಣ್ಮೆ

ಬೇಸಿಗೆ ಸೂಟಿಗೆ ಇಂಗಳೇಶ್ವರಕ್ಕೆ ಬಂದಿದ್ದ ಅಣ್ಣನ ಮಗ, ಬೆಳಿಗ್ಗೆ ವಚನ ಶಿಲಾಮಂಟಪ ನೋಡಿ ಬಂದು, ಬಿಸಿಲೇರಿದ ಮೇಲೆ ಪಡಸಾಲೆಯಲ್ಲಿ ಚೀಲ ಬಿಚ್ಚಿದ. ಒಳಗಿಂದ ಬಂದದ್ದು ಇಪ್ಪತ್ತು ಮುಖದ ದಾಳ. ನೇರಳೆ ಬಣ್ಣ, ಬಾರಿಹಣ್ಣಿನಷ್ಟು ಗಾತ್ರ, ಮುಖಕ್ಕೊಂದು ಬಿಳಿ ಅಂಕಿ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ್ದು. ನಮ್ಮ ದೊಡ್ಡಾಟದ ಸಾರಥಿಯಂತೆ ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ. ಕಾಳಗ ಬಂದಾಗ ದಾಳ ಉರುಳುತ್ತದೆ.

ಓಣಿಯ ನಾಲ್ವರು ಹುಡುಗರು ಸುತ್ತ ಕೂತರು. ಅವರಲ್ಲೊಬ್ಬನ ವೀರ ಎದುರಾದವರನ್ನೆಲ್ಲ ಒಂದೇ ಏಟಿಗೆ ಕೆಡವತೊಡಗಿದ. ಆಟ ಸಪ್ಪೆಯಾಯಿತು.

“ಕಾಕಾ, ಇವನ ಮುಂದ ಯಾವ ರಾಕ್ಷಸನೂ ನಿಲ್ಲವಲ್ಲ. ರಾಕ್ಷಸನ್ನ ದೊಡ್ಡವನ್ನ ಮಾಡಿದ್ರ ಉಳಿದ ಮೂವರು ಒಂದ ಪೆಟ್ಟಿಗೆ ಸಾಯ್ತಾರ.”

“ದ್ರೋಣ ಏನ್ ಮಾಡಿದ ಗೊತ್ತದ ಏನು?” ಅಂದೆ.

ದ್ರೋಣನಿಗೂ ಇದೇ ತೊಡಕು. ಅರ್ಜುನ ಪಕ್ಕದಲ್ಲಿದ್ದರೆ ಧರ್ಮರಾಯನನ್ನು ಸೆರೆಹಿಡಿಯಲಾಗದು. ಅರ್ಜುನನಿಗಿಂತ ದೊಡ್ಡ ಬಿಲ್ಲಾಳನ್ನು ಅವನು ಹುಡುಕಲಿಲ್ಲ. ಯುದ್ಧದ ಹನ್ನೆರಡನೆಯ ದಿನ ಕೌರವರ ಕಡೆಯ ಸಂಶಪ್ತಕರೆಂಬ ಯೋಧರು ಅರ್ಜುನನನ್ನು ಕಾಳಗಕ್ಕೆ ಕರೆದು ದೂರ ಎಳೆದೊಯ್ದರು. ಕರೆದವರಿಗೆ ಬೆನ್ನು ತೋರಿಸುವುದು ಅವನ ವ್ರತಕ್ಕೆ ಸಲ್ಲದು. ಅವನ ಹಿರಿಮೆಯೇ ಅವನನ್ನು ದೂರ ಒಯ್ದಿತು! ಮರುದಿನವೂ ಅವನು ಅತ್ತಲೇ. ಇತ್ತ ಚಕ್ರವ್ಯೂಹ ಎದ್ದು ನಿಂತಿತು. ಒಳಹೋಗಲು ಮಾತ್ರ ಬಲ್ಲ ಅಭಿಮನ್ಯು ನುಗ್ಗಿದ. ಬೆನ್ನಿಗೆ ಬರಬೇಕಿದ್ದ ದೊಡ್ಡಪ್ಪ ಚಿಕ್ಕಪ್ಪಂದಿರನ್ನು ಬಾಗಿಲಲ್ಲೇ ತಡೆದವನು ಜಯದ್ರಥ. ಪಾಂಡವರನ್ನು ತಡೆಯಲು ಅವನಿಗೆ ಶಿವ ಕೊಟ್ಟ ವರ ಒಂದು ದಿನದ್ದು, ಅದೂ ಅರ್ಜುನನೊಬ್ಬನನ್ನು ಬಿಟ್ಟು. ಅರ್ಜುನ ಅಲ್ಲಿದ್ದಿದ್ದರೆ ಆ ವರಕ್ಕೆ ಕಾಸಿನ ಬೆಲೆಯಿಲ್ಲ. ಸಂಶಪ್ತಕರ ಕರೆ, ಜಯದ್ರಥನ ವರ, ಎರಡೂ ಒಂದೇ ನೊಗದ ಎತ್ತುಗಳು. ಎಷ್ಟು ಸಲ ಓದಿದರೂ ನಾನು ಈ ಜೋಡಣೆಯ ಮುಂದೆ ನಿಂತುಬಿಡುತ್ತೇನೆ. ಹದಿನಾರರ ಹುಡುಗ ಬಯಲಿನ ನಡುವೆ ಒಂಟಿಯಾಗುವ ಆ ಗಳಿಗೆ ಎದೆ ಹಿಂಡುವುದು, ಬಾಗಿಲ ಆಚೆ ಭೀಮನಂಥ ಭೀಮ ಕೈಚೆಲ್ಲಿ ನಿಂತಿರುವುದರಿಂದ.

ಹದಿನಾಲ್ಕನೆಯ ದಿನದ ರಾತ್ರಿಯ ಜೋಡಣೆ ಇನ್ನೂ ಸೂಕ್ಷ್ಮ. ಕವಚ ಕುಂಡಲ ಕೊಟ್ಟು ಇಂದ್ರನಿಂದ ಪಡೆದ ಶಕ್ತಿ ಎಂಬ ಆಯುಧವನ್ನು ಕರ್ಣ ಅರ್ಜುನನಿಗೆಂದೇ ಕಾಯ್ದಿಟ್ಟಿದ್ದ. ಒಂದೇ ಸಲ ಎಸೆಯುವಂಥದ್ದು. ಕತ್ತಲಲ್ಲಿ ಭೀಮನ ಮಗ ಘಟೋತ್ಕಚ ಕೌರವ ಸೇನೆಯನ್ನು ಅರೆದು ಹಾಕುವಾಗ, ತನ್ನವರ ಮೊರೆ ಕೇಳಲಾರದೆ ಕರ್ಣ ಅದನ್ನು ಅವನ ಮೇಲೆ ಬಿಟ್ಟ. ಘಟೋತ್ಕಚ ಬಿದ್ದ, ಅರ್ಜುನ ಉಳಿದನೆಂದು ಕೃಷ್ಣ ಹಿಗ್ಗಿದ. ಕರ್ಣನ ಬಲವನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಅವನ ಕೈಯಿಂದಲೇ ಖರ್ಚು ಮಾಡಿಸಿದರು. ಬೇಕಾದ ಹೊತ್ತಿಗೆ ಅಸ್ತ್ರ ಮರೆತುಹೋಗಲೆಂಬ ಪರಶುರಾಮನ ಶಾಪಕ್ಕಿಂತ ಇದು ನನಗೆ ಹೆಚ್ಚು ರುಚಿಸುತ್ತದೆ. ಶಾಪ ಹೊರಗಿನಿಂದ ಬಂದದ್ದು, ಇದು ಕರ್ಣನೇ ಮಾಡಿದ ಆಯ್ಕೆ.

ಹುಡುಗ ಸುಮ್ಮನೆ ಕೇಳಿದ. ಸಂಜೆ ಅವನ ಕತೆಯಲ್ಲಿ ಊರಾಚೆ ತುರುಗಳ್ಳರು ಬಂದರು. ಬಲಿಷ್ಠ ವೀರ ತಡೆಯದೆ ಅತ್ತ ಓಡಿದ. ಅಗಸೆಬಾಗಿಲು ಕಾಯುವ ಪಾಳಿ ಉಳಿದ ಮೂವರಿಗೆ ಬಂತು. ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ಅಂಗೈಯಲ್ಲಿ ದಾಳ ಬಿಗಿಹಿಡಿದು, ಕಣ್ಣುಮುಚ್ಚಿ ಉರುಳಿಸಿದ. ಹತ್ತೊಂಬತ್ತು. ಪಡಸಾಲೆ ಹಾರಿಹೋಗುವಂತೆ ಕೂಗಿದರು.

ಗದುಗಿನ ಭಾರತ ನಿಮ್ಮ ಮನೆಯಲ್ಲಿದ್ದರೆ ಈ ಸಲ ದ್ರೋಣಪರ್ವದಿಂದ ತೆರೆಯಿರಿ. ಪಕ್ಕದಲ್ಲಿ ಮಕ್ಕಳನ್ನೂ ಕೂರಿಸಿಕೊಳ್ಳಿ.